ಕಾರ್ಪೆಟ್ಟಿಗೆ ಕಪ್ಪು ಹನಿ ಬೀಳದ ಹಾಗೆ ರೇಡಿಯೇಟರ್ ನೀರು ಇಳಿಸಿದ್ದು

ಇಂಗ್ಲೆಂಡಿನಲ್ಲಿ ಮನೆ ತೆಗೆದುಕೊಂಡವರು ಒಂದಲ್ಲ ಒಂದು ದಿನ ರೇಡಿಯೇಟರ್ ಮುಂದೆ ಮಂಡಿಯೂರಿ ಕೂರಲೇಬೇಕಾಗುತ್ತದೆ. ಗೋಡೆಗೆ ಬಣ್ಣ ಹೊಡೆಯಬೇಕು, ಇಲ್ಲವೇ ವಾಲ್ವ್ ಸೋರುತ್ತಿದೆ, ಇಲ್ಲವೇ ರೇಡಿಯೇಟರ್ ಮೇಲ್ಗಡೆ ಬಿಸಿಯಾದರೂ ಕೆಳಗಡೆ ತಣ್ಣಗೇ ಉಳಿಯುತ್ತಿದೆ. ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಹೆದರಿಸುವುದು ಒಳಗಿರುವ ನೀರು. ರೆಡಿಂಗ್‌ನ ನಮ್ಮ ಮನೆಗೆ ಕಳೆದ ಬೇಸಿಗೆಯಲ್ಲಿ ಎರಡು ಕೆಲಸ ಒಟ್ಟಿಗೇ ಬಂದವು. ಮಹಡಿಯ ಬೆಡ್‌ರೂಮಿನ ರೇಡಿಯೇಟರನ್ನು ಗೋಡೆಯಿಂದ ಕಳಚಬೇಕಿತ್ತು. ಆಮೇಲೆ ಕೆಳಗಿನ ಹಳೇ ವಾಲ್ವ್‌ಗಳನ್ನು ಬದಲಿಸಲು ಇಡೀ ಮನೆಯ ನೀರು ಇಳಿಸಬೇಕಿತ್ತು. ಬೆಡ್‌ರೂಮಿನ ಕಾರ್ಪೆಟ್ ಬಿಳಿ ಅನ್ನಬಹುದಾದಷ್ಟು ತಿಳಿ ಬಣ್ಣದ್ದು. "ರೀ, ಏನಾದರೂ ಮಾಡಿ, ಕಾರ್ಪೆಟ್ ಮಾತ್ರ ಜೋಪಾನ" ಎಂದು ನನ್ನ ಹೆಂಡತಿ ಮೊದಲೇ ಹೇಳಿದ್ದಳು.

ಈ ನೀರು ಎಂಥದು ಅಂತ ಊರಿನವರಿಗೆ ಸ್ವಲ್ಪ ಹೇಳಬೇಕು. ಬಾಯ್ಲರ್ ಗ್ಯಾಸಿನಿಂದ ನೀರು ಕಾಯಿಸುತ್ತದೆ. ಪಂಪ್ ಅದನ್ನು ತಾಮ್ರದ ಪೈಪುಗಳಲ್ಲಿ ಮನೆಯೆಲ್ಲ ತಳ್ಳುತ್ತದೆ. ಕೋಣೆ ಕೋಣೆಯಲ್ಲೂ ಗೋಡೆಗೆ ತೂಗುಹಾಕಿದ ಉಕ್ಕಿನ ರೇಡಿಯೇಟರ್ ಒಳಗೆ ಆ ನೀರು ಹರಿದು, ಶಾಖ ಬಿಟ್ಟು, ಮತ್ತೆ ಬಾಯ್ಲರಿಗೆ ಬರುತ್ತದೆ. ನಲ್ಲಿಯಲ್ಲಿ ಬರುವ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಅದೇ ನೀರು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಉಕ್ಕು ಒಳಗೊಳಗೇ ಸವೆದು ಮ್ಯಾಗ್ನಟೈಟ್ ಎಂಬ ಕಪ್ಪು ಕೆಸರು ಸೇರಿಕೊಳ್ಳುತ್ತದೆ. ತುಕ್ಕೇ ಅದು, ಆದರೆ ಗಾಳಿ ಸಾಲದ ಕಡೆ ಹುಟ್ಟುವ ತುಕ್ಕಾದ್ದರಿಂದ ಕೆಂಪಲ್ಲ, ಕಪ್ಪು. ನೀರು ಕೆಂಪಗೆ ಬಂದರೆ ಎಲ್ಲೋ ಹೊಸ ಗಾಳಿ ಒಳಗೆ ಸೇರುತ್ತಿದೆ ಎಂದೇ ಅನುಮಾನಿಸಬೇಕು. ನಮ್ಮದು ಅಪ್ಪಟ ಕಪ್ಪು. ಒಂದು ಪ್ಲಾಸ್ಟಿಕ್ ಲೋಟದಲ್ಲಿ ಹಿಡಿದು, ಫ್ರಿಜ್ಜಿನ ಬಾಗಿಲಲ್ಲಿದ್ದ ಆಯಸ್ಕಾಂತವನ್ನು ಹೊರಗಿನಿಂದ ತಾಗಿಸಿದೆ. ಕಪ್ಪೆಲ್ಲ ಆ ಕಡೆಗೇ ಸರಿದು ಲೋಟದ ಗೋಡೆಗೆ ಮೆತ್ತಿಕೊಂಡಿತು. ಆಯಸ್ಕಾಂತ ಮೇಲಕ್ಕೆ ಎಳೆದರೆ ಅದೂ ಮೇಲಕ್ಕೆ ಹತ್ತಿತು. ಬಟ್ಟೆಗೋ ಕಾರ್ಪೆಟ್ಟಿಗೋ ಇದು ಬಿದ್ದರೆ ತೊಳೆದರೂ ಹೋಗುವುದು ಕಷ್ಟ. ಉಜ್ಜಿದರಂತೂ ಇನ್ನೂ ಒಳಕ್ಕೆ ಇಳಿಯುತ್ತದೆ.

ಆ ಹೊತ್ತಿಗೆ ಸರಿಯಾಗಿ ಮಾವ ಊರಿಂದ ಬಂದಿದ್ದರು. ಹಾಸನದ ಹತ್ತಿರ ತೋಟ ಮಾಡಿಕೊಂಡಿರುವವರು. ಸ್ಪ್ಯಾನರ್ ಹಿಡಿದ ಕೈ. ಒಂದು ಜಾಗದಲ್ಲಿ ಸುಮ್ಮನೆ ಕೂರುವವರಲ್ಲ. "ನಾನೂ ಬರ್ತೀನಿ ನಡೀರಿ ಅಳಿಯಂದಿರೇ" ಎಂದು ಬೆಳಿಗ್ಗೆಯೇ ತಯಾರಾದರು. ಈ ಕೆಲಸಕ್ಕೆ ಇಬ್ಬರು ಬೇಕೇ ಬೇಕು ಅಂತ ನನಗೆ ಆಮೇಲೆ ಚೆನ್ನಾಗಿ ಅರ್ಥವಾಯಿತು.

ಮೊದಲು ಮಹಡಿಯ ರೇಡಿಯೇಟರ್. ಒಂದನ್ನೇ ಕಳಚುವುದಾದರೆ ಇಡೀ ಮನೆ ಬರಿದು ಮಾಡಬೇಕಾಗಿಲ್ಲ. ಎರಡು ತುದಿಯ ವಾಲ್ವ್ ಮುಚ್ಚಿದರೆ ಅದರೊಳಗಿನ ನೀರು ಮಾತ್ರ ಉಳಿಯುತ್ತದೆ. ಒಂದು ಮೀಟರ್ ಅಗಲದ, ಎರಡು ಪದರದ ರೇಡಿಯೇಟರಿನಲ್ಲಿ ಅದು ಸುಮಾರು 5-6 ಲೀಟರ್. ಹಿಂದಿನ ದಿನವೇ ಬಾಯ್ಲರ್ ಆರಿಸಿ, ಅದರ ಕರೆಂಟಿನ ಸ್ವಿಚ್ಚನ್ನೂ ಆಫ್ ಮಾಡಿ, ನೀರು ಪೂರ್ತಿ ತಣ್ಣಗಾಗಲು ಬಿಟ್ಟಿದ್ದೆ.

ಒಂದು ತುದಿಯಲ್ಲಿ ಲಾಕ್‌ಶೀಲ್ಡ್ ಎನ್ನುವ ವಾಲ್ವ್. ಮೇಲೆ ಬರೀ ಪ್ಲಾಸ್ಟಿಕ್ ಟೋಪಿ, ಅದನ್ನು ಎಳೆದರೆ ಒಳಗೆ ಸಣ್ಣ ಪಿತ್ತಾಳೆ ಕಡ್ಡಿ. ಅದನ್ನು ಸ್ಪ್ಯಾನರಿನಿಂದ ಬಲಕ್ಕೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ಮುಚ್ಚಿತು ಅಂತ ಎಣಿಸಬೇಕು. ನಮ್ಮದು ಒಂದೂವರೆ ಸುತ್ತು. ಅಷ್ಟನ್ನು ಮಾಸ್ಕಿಂಗ್ ಟೇಪಿನ ಮೇಲೆ ಬರೆದು ಪೈಪಿಗೇ ಅಂಟಿಸಿದೆ. ಯಾವ ಕೋಣೆಗೆ ಎಷ್ಟು ಬಿಸಿನೀರು ಹೋಗಬೇಕು ಅನ್ನುವ ಲೆಕ್ಕ ಆ ಸುತ್ತಿನಲ್ಲೇ ಇದೆ. ಮರಳಿ ಜೋಡಿಸುವಾಗ ಅಂದಾಜಿನಲ್ಲಿ ತೆರೆದರೆ ಒಂದು ಕೋಣೆ ಕುದಿಯುತ್ತದೆ, ಇನ್ನೊಂದು ಬೆಚ್ಚಗೇ ಆಗುವುದಿಲ್ಲ.

ಇನ್ನೊಂದು ತುದಿಯಲ್ಲಿ ಅಂಕಿ ಬರೆದ ಥರ್ಮೋಸ್ಟಾಟ್ ತಲೆ. ಇದನ್ನು ಸೊನ್ನೆಗೋ, ಮಂಜಿನ ಗುರುತಿಗೋ ತಿರುಗಿಸಿ ಮುಚ್ಚಿತು ಎಂದು ನಂಬಬಾರದು. ಕೋಣೆ ತುಂಬ ತಣ್ಣಗಾದರೆ ಪೈಪು ಹೆಪ್ಪುಗಟ್ಟದಿರಲಿ ಅಂತ ಮಂಜಿನ ಗುರುತಿನಲ್ಲಿರುವ ತಲೆ ತಾನಾಗೇ ತೆರೆದುಕೊಳ್ಳುತ್ತದೆ. ಅದರ ಕೆಲಸವೇ ಅದು. ರೇಡಿಯೇಟರ್ ಕಳಚಿಟ್ಟಿರುವಾಗ ಚಳಿ ರಾತ್ರಿಯಲ್ಲಿ ಅದು ತೆರೆದರೆ ಗತಿ ಏನು? ಹಾಗಾಗಿ ತಲೆ ಬಿಚ್ಚಿ, ಒಳಗಿನ ಪಿನ್ನನ್ನು ಒತ್ತಿ ಹಿಡಿಯುವ ಟೋಪಿ ತಿರುಗಿಸಿದೆ. ರೇಡಿಯೇಟರ್ ಗೋಡೆಯಿಂದ ಇಳಿದ ಮೇಲೆ ಎರಡೂ ವಾಲ್ವ್‌ಗಳ ಬಾಯಿಗೆ ಲೋಹದ ಮುಚ್ಚಳವನ್ನೂ ಹಾಕಿದೆ. ಸುಣ್ಣಬಣ್ಣದ ಕೆಲಸ ಮುಗಿಯುವವರೆಗೆ ಅದು ಹಾಗೇ ಇತ್ತು.

ವಾಲ್ವನ್ನು ರೇಡಿಯೇಟರಿಗೆ ಜೋಡಿಸುವ ನಟ್ ಬಿಚ್ಚುವ ಮುಂಚೆ ಒಂದು ಪರೀಕ್ಷೆ ಇದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಇನ್ನೊಂದು ವಿಷಯ ಇಲ್ಲ ಅನ್ನಬೇಕು. ರೇಡಿಯೇಟರಿನ ಮೇಲ್ತುದಿಯಲ್ಲಿ ಗಾಳಿ ಬಿಡುವ ಸಣ್ಣ ತೂತು ಇರುತ್ತದೆ. ಅದಕ್ಕೆ ಪುಟ್ಟ ಚೌಕದ ಬ್ಲೀಡ್ ಕೀ. ಎರಡೂ ವಾಲ್ವ್ ಮುಚ್ಚಿದ ಮೇಲೆ ಆ ತೂತಿಗೆ ಬಟ್ಟೆ ಹಿಡಿದು ಕೀಯನ್ನು ಕಾಲು ಸುತ್ತು ತಿರುಗಿಸಬೇಕು. ನೀರು ಚಿರ್ ಎಂದು ಒಂದು ಕ್ಷಣ ಬಂದು ನಿಂತರೆ ವಾಲ್ವ್‌ಗಳು ನಿಜವಾಗಿ ಮುಚ್ಚಿವೆ. ನಿಲ್ಲದೆ ಬರುತ್ತಲೇ ಇದ್ದರೆ ಯಾವುದೋ ಒಂದು ಒಳಗೇ ಸೋರುತ್ತಿದೆ, ಅಂಥ ಕಡೆ ನಟ್ ಮುಟ್ಟಲೇಬಾರದು. ಬ್ಲೀಡ್ ತೂತು ಹೆಚ್ಚಾಗಿ ಗೋಡೆ ಕಡೆಗೋ ಪಕ್ಕಕ್ಕೋ ಮುಖ ಮಾಡಿರುತ್ತದೆ. ಬಟ್ಟೆ ಹಿಡಿಯದಿದ್ದರೆ ಗೋಡೆಯ ಮೇಲೆ ಕಪ್ಪು ಗೆರೆ ಬಿತ್ತೆಂದೇ ಲೆಕ್ಕ. ನಮ್ಮಲ್ಲಿ ಒಂದೇ ಉಸಿರಿಗೆ ನಿಂತಿತು. ಕೀಯನ್ನು ಮತ್ತೆ ಬಿಗಿ ಮಾಡಿದೆ.

ನೆಲಕ್ಕೆ ಮೊದಲು ದಪ್ಪ ಪ್ಲಾಸ್ಟಿಕ್, ಅದರ ಮೇಲೆ ಹಳೇ ಟವೆಲ್. ವಾಲ್ವ್ ಬುಡಕ್ಕೆ ಮಾವ ತಮ್ಮ ಹಳೇ ಪಂಚೆ ಹರಿದು ಸುತ್ತಿದರು. ನೀರು ಹೀರುವುದರಲ್ಲಿ ಆ ತೆಳು ಹತ್ತಿ ಬಟ್ಟೆಯನ್ನು ಅಂಗಡಿಯ ಯಾವ ಸ್ಪಂಜೂ ಮೀರಿಸಲಿಲ್ಲ. ನ್ಯೂಸ್‌ಪೇಪರ್ ಬೇಡ. ಒದ್ದೆಯಾಗಿ ಹರಿದು, ಅದರ ಮಸಿಯೂ ಸೇರಿಕೊಳ್ಳುತ್ತದೆ. ಬಕೆಟ್ ಆ ಸಂದಿಯಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಪೇಂಟ್ ರೋಲರ್ ಟ್ರೇ ಇಟ್ಟೆ. ಬಕೆಟ್ ಪಕ್ಕದಲ್ಲಿ.

ಈಗ ನಟ್. ಎರಡು ಸ್ಪ್ಯಾನರ್ ಬೇಕು. ಒಂದರಿಂದ ವಾಲ್ವಿನ ಮೈಯನ್ನು ಅಲ್ಲಾಡದಂತೆ ಹಿಡಿಯಬೇಕು, ಇನ್ನೊಂದರಿಂದ ನಟ್ ತಿರುಗಿಸಬೇಕು. ಒಂದೇ ಸ್ಪ್ಯಾನರಿನಲ್ಲಿ ಬಲ ಹಾಕಿದರೆ ವಾಲ್ವ್ ಸಮೇತ ಪೈಪು ತಿರುಚಿಕೊಂಡು ನೆಲದ ಹಲಗೆಯ ಕೆಳಗೆಲ್ಲೋ ಸೋರಲು ಶುರುವಾಗುತ್ತದೆ. ನಟ್ ಅರ್ಧ ಸುತ್ತು ಸಡಿಲವಾಯಿತು. ಒಂದಿಷ್ಟು ಹನಿ ಬಿತ್ತು, ನಿಂತಿತು. ಒಳಗೆ ಐದಾರು ಲೀಟರ್ ಇದೆ, ನಟ್ ಸಡಿಲ ಇದೆ, ಆದರೂ ನೀರು ಇಳಿಯುತ್ತಿಲ್ಲ.

ಮಾವ ಟ್ರೇ ಹಿಡಿದುಕೊಂಡೇ ಮೇಲೆ ನೋಡಿದರು. "ಇದು ಎಣ್ಣೆ ಡಬ್ಬದ ಹಾಗೇ ಅಲ್ವಾ? ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಅಂತ ನಿಂತು ನಿಂತು ಬರುತ್ತೆ. ಎದುರು ಮೂಲೆಗೂ ಒಂದು ತೂತು ಹೊಡೀಬೇಕು" ಎಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮೇಲಿನ ಬ್ಲೀಡ್ ತೂತೇ ಆ ಎರಡನೇ ತೂತು. ಗಾಳಿ ಒಳಗೆ ಹೋದಷ್ಟೇ ನೀರು ಹೊರಗೆ ಬರುತ್ತದೆ. ಅಂದರೆ ಕೆಳಗಿನ ನಟ್ ನಮ್ಮ ನಲ್ಲಿ ಅಲ್ಲ, ಮೇಲಿನ ಕೀಯೇ ನಲ್ಲಿ. ಗೊತ್ತಾದ ಮೇಲೆ ಎಲ್ಲ ಸಲೀಸು. ಮಾವ ಕೀ ಹಿಡಿದರು, ನಾನು ಟ್ರೇ ಹಿಡಿದೆ. "ಬಿಡಿ" ಎಂದಾಗ ಕಾಲು ಸುತ್ತು ತೆರೆಯುತ್ತಿದ್ದರು. ಕಪ್ಪು ನೀರು ದಾರದ ಹಾಗೆ ಇಳಿಯುತ್ತಿತ್ತು. ಟ್ರೇ ಮುಕ್ಕಾಲು ತುಂಬಿದಾಗ "ಸಾಕು" ಎನ್ನುತ್ತಿದ್ದೆ. ಅವರು ಮುಚ್ಚುತ್ತಿದ್ದರು, ನೀರು ನಿಲ್ಲುತ್ತಿತ್ತು, ಕೊನೆಯ ಹನಿಗಳನ್ನು ತಡೆಯಲು ನಾನು ನಟ್ ಬಿಗಿ ಮಾಡಿ ಟ್ರೇ ಬರಿದು ಮಾಡಿ ಬರುತ್ತಿದ್ದೆ. ಎಲ್ಲೂ ಅವಸರ ಮಾಡಬೇಕಾಗಿ ಬರಲಿಲ್ಲ. ಜನ ಕಾರ್ಪೆಟ್ ಹಾಳು ಮಾಡಿಕೊಳ್ಳುವುದು ನಟ್ಟನ್ನು ಪೂರ್ತಿ ಬಿಚ್ಚಿ, ಮೇಲಿನ ತೂತನ್ನೂ ಪೂರ್ತಿ ತೆರೆದು, ಟ್ರೇ ತುಂಬುವುದನ್ನು ನೋಡುತ್ತಾ ಗಾಬರಿಯಾದಾಗ.

ನೀರು ನಿಂತಿತು ಅಂದರೆ ರೇಡಿಯೇಟರ್ ಬರಿದಾಯಿತು ಅಂತಲ್ಲ. ತಳದಲ್ಲಿ ಒಂದು ಲೋಟದಷ್ಟು ಕೆಸರು ಉಳಿದೇ ಇರುತ್ತದೆ. ಅದು ಚೆಲ್ಲುವುದು ಎತ್ತುವಾಗ. ಎರಡೂ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದು, ಬ್ರಾಕೆಟ್‌ನಿಂದ ಮೇಲೆತ್ತಿದ ಕೂಡಲೇ ತಲೆಕೆಳಗು ಮಾಡಿದೆವು. ಬಾಯಿಗಳು ಮೇಲಾದರೆ ಕೆಸರು ಒಳಗೇ ಕೂರುತ್ತದೆ. ಬ್ಲೀಡ್ ತೂತು ಈಗ ಕೆಳಗಾಗುತ್ತದೆ, ಅದು ಬಿಗಿಯಾಗಿ ಮುಚ್ಚಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಈ ಅಳತೆಯದ್ದು 30 ಕಿಲೋ ಹತ್ತಿರ ತೂಗುತ್ತದೆ. ಮೆಟ್ಟಿಲಿಳಿಸಿ ಹಿತ್ತಲಿಗೆ ಒಯ್ದು, ಹೋಸ್ ಪೈಪಿನಿಂದ ತೊಳೆದೆವು.

ಹಿತ್ತಲಲ್ಲಿ ಮಾವನಿಗೆ ಒಂದು ಬೇಸರ. ನೀರಿನ ಬೆಲೆ ಗೊತ್ತಿರುವವರು. "ಇಷ್ಟು ನೀರನ್ನ ಚರಂಡಿಗೆ ಬಿಡೋದಾ? ಟೊಮೆಟೊ ಗಿಡಕ್ಕಾದರೂ ಹಾಕೋಣ" ಎಂದರು. ಬೇಡ ಎಂದೆ. ಉಕ್ಕು ತುಕ್ಕು ಹಿಡಿಯದಿರಲೆಂದು ಈ ನೀರಿಗೆ ಇನ್ಹಿಬಿಟರ್ ಎಂಬ ರಾಸಾಯನಿಕ ಹಾಕಿರುತ್ತಾರೆ. ಗಿಡಕ್ಕೆ ಹಾಕುವಂಥದ್ದಲ್ಲ. ರಸ್ತೆ ಬದಿಯ ಮಳೆನೀರಿನ ಚರಂಡಿಗೂ ಬಿಡಬಾರದು, ಅದು ಎಷ್ಟೋ ಕಡೆ ನೇರವಾಗಿ ಹೊಳೆಗೆ ಹೋಗುತ್ತದೆ. ಅಡುಗೆಮನೆ ಸಿಂಕಿನ ನೀರು ಬೀಳುವ ಗುಂಡಿಗೆ ಬಿಟ್ಟರೆ ಶುದ್ಧೀಕರಣಕ್ಕೆ ಹೋಗುವ ಕೊಳವೆಗೆ ಸೇರುತ್ತದೆ. ಅವರು ಒಪ್ಪಿದರು.

ಇಡೀ ಮನೆಯ ನೀರು ಇಳಿಸುವುದು ಬೇರೆಯೇ ಲೆಕ್ಕ. ಹತ್ತು ರೇಡಿಯೇಟರಿನ ಮನೆಯಲ್ಲಿ ಸುಮಾರು 100 ಲೀಟರ್ ಇರುತ್ತದೆ, ಟ್ರೇ ಹಿಡಿದು ಮುಗಿಯುವ ಮಾತಲ್ಲ. ಮೊದಲು ನಿಮ್ಮ ಮನೆಯ ವ್ಯವಸ್ಥೆ ಯಾವ ಥರದ್ದು ಅಂತ ನೋಡಬೇಕು. ಈಗಿನ ಕಾಂಬಿ ಬಾಯ್ಲರ್ (ಹೀಟಿಂಗಿಗೂ ನಲ್ಲಿಯ ಬಿಸಿನೀರಿಗೂ ಒಂದೇ ಬಾಯ್ಲರ್) ಮನೆಗಳಲ್ಲಿ ನೀರು ಮುಚ್ಚಿದ ಪೈಪಿನಲ್ಲಿ ಒತ್ತಡದಲ್ಲಿ ಇರುತ್ತದೆ. ಬಾಯ್ಲರಿನ ಮುಳ್ಳು ತಣ್ಣಗಿದ್ದಾಗ 1ರಿಂದ 1.5 ಬಾರ್ ತೋರಿಸುತ್ತದೆ. ಅಲ್ಲಿ ಹೊಸ ನೀರು ತುಂಬುವ ಪೈಪು (ಫಿಲ್ಲಿಂಗ್ ಲೂಪ್) ಮುಚ್ಚಿದೆಯೇ ಅಂತ ನೋಡಿ, ನೀರು ಇಳಿಸುವ ನಲ್ಲಿ (ಡ್ರೇನ್ ಕಾಕ್) ತೆರೆದು, ಮುಳ್ಳು ಸೊನ್ನೆಗೆ ಇಳಿದ ಮೇಲೇ ಬೇರೆ ಏನನ್ನಾದರೂ ಮುಟ್ಟಬೇಕು. ನಮ್ಮದು ಹಳೇ ಥರ. ಅಟ್ಟದಲ್ಲಿ ಎರಡು ಟ್ಯಾಂಕ್. ದೊಡ್ಡದು ನಲ್ಲಿಗಳಿಗೆ, ಸಣ್ಣದು ಹೀಟಿಂಗಿಗೆ. ಸಣ್ಣದು ಕೆಳಮನೆ ನೆಲದಿಂದ 5 ಮೀಟರ್ ಎತ್ತರದಲ್ಲಿದೆ ಅಂದರೆ ಕೆಳಗಿನ ಪೈಪಿನಲ್ಲಿ ಅರ್ಧ ಬಾರ್ ಒತ್ತಡ ಇದ್ದೇ ಇರುತ್ತದೆ. ಕೆಳಗೆ ನೀರು ಇಳಿಸುತ್ತಾ ಹೋದರೆ ಆ ಟ್ಯಾಂಕಿನ ಬಾಲ್ ಕಾಕ್ ಇಳಿದು ಹೊಸ ನೀರು ತುಂಬುತ್ತಲೇ ಇರುತ್ತದೆ. ಕೊನೆಯೇ ಇಲ್ಲ. ಮಾವ ಟ್ಯಾಂಕಿನ ಬಾಯಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ಬಾಲ್ ಕಾಕಿನ ತೋಳನ್ನು ಹುರಿಯಿಂದ ಆ ಕೋಲಿಗೆ ಎತ್ತಿ ಕಟ್ಟಿದರು. ನೀರು ನಿಂತಿತು. ಅಟ್ಟದಲ್ಲಿ ಮರದ ತೊಲೆಗಳ ಮೇಲಷ್ಟೇ ಕಾಲಿಡಬೇಕು, ನಡುವೆ ಇರುವುದು ಕೆಳಗಿನ ಕೋಣೆಯ ತೆಳು ಸೀಲಿಂಗ್.

ಡ್ರೇನ್ ಕಾಕ್ ಇರುವುದು ಪೈಪುಗಳ ತೀರ ತಗ್ಗಿನ ಜಾಗದಲ್ಲಿ. ನಮ್ಮಲ್ಲಿ ಹಿಂದಿನ ಊಟದ ಕೋಣೆಯ ರೇಡಿಯೇಟರ್ ಪಕ್ಕ, ನೆಲಕ್ಕೆ ತಾಗಿದ ಹಾಗೆ. ಅದರ ಗೀರುಮೂತಿಗೆ ಹೋಸ್ ಪೈಪ್ ಸಿಕ್ಕಿಸಿ ಜುಬಿಲಿ ಕ್ಲಿಪ್ ಬಿಗಿದೆ. ಕ್ಲಿಪ್ ಇಲ್ಲದೆ ಕೈಯಲ್ಲಿ ತುರುಕಿದ ಪೈಪು ನೀರಿನ ಭಾರಕ್ಕೆ ಜಾರಿಬಿಡುತ್ತದೆ. ಇನ್ನೊಂದು ತುದಿ ಹಿತ್ತಲ ಬಾಗಿಲಿನಿಂದ ಮೆಟ್ಟಿಲು ಇಳಿದು ಸಿಂಕಿನ ಗುಂಡಿಗೆ. ಆ ತುದಿ ಡ್ರೇನಿಗಿಂತ ತಗ್ಗಿನಲ್ಲೇ ಇರಬೇಕು. ಪೈಪು ಅಲ್ಲಾಡದಂತೆ ಮೇಲೊಂದು ಇಟ್ಟಿಗೆ.

ಹಳೇ ಡ್ರೇನ್ ಕಾಕ್‌ಗಳಲ್ಲಿ ಒಂದು ತೊಂದರೆ. ಸ್ಪ್ಯಾನರಿನಿಂದ ಚೌಕದ ಕಡ್ಡಿ ತಿರುಗಿಸಿ ತೆರೆದರೆ, ಹೋಸಿನಲ್ಲಿ ಹೋಗುವ ನೀರಿನ ಜೊತೆಗೆ ಕಡ್ಡಿಯ ಸುತ್ತಲಿಂದಲೂ ಜಿನುಗುತ್ತದೆ. ಅಲ್ಲಿ ಸೀಲ್ ಇರುವುದಿಲ್ಲ. ನಾವು ಮೊದಲೇ ಕೆಳಗೆ ಟ್ರೇ ಇಟ್ಟು ಪಂಚೆ ಸುತ್ತಿದ್ದರಿಂದ ನೆಲ ಒದ್ದೆಯಾಗಲಿಲ್ಲ. ಎರಡನೇ ತೊಂದರೆ ಅಂದರೆ ಒಳಗಿನ ರಬ್ಬರ್ ವಾಷರ್ ವರ್ಷಗಟ್ಟಲೆ ಬಿಸಿಗೆ ಅಂಟಿಕೊಂಡು, ಕಡ್ಡಿ ತಿರುಗಿದರೂ ನೀರು ಬಾರದೇ ಇರುವುದು. ಆಗ ಸಿಟ್ಟಿನಲ್ಲಿ ಕಡ್ಡಿಯನ್ನು ಪೂರ್ತಿ ಬಿಚ್ಚಬೇಡಿ. ವಾಷರ್ ಬಿಟ್ಟುಕೊಂಡ ಕ್ಷಣ ಆ ತೂತಿನಿಂದ ಮನೆಯ ನೀರೆಲ್ಲ ಹೊರಗೆ ನುಗ್ಗುತ್ತದೆ. ನಮ್ಮದು ಮೊದಲು ತೊಟ್ಟಿಕ್ಕಿತು. ಕಾಕಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟುತ್ತಿದ್ದ ಹಾಗೆ ಬಿಟ್ಟುಕೊಂಡಿತು.

ಅಟ್ಟದ ಟ್ಯಾಂಕಿನಲ್ಲಿ ನಾಲ್ಕು ಬೆರಳು ನೀರು ಉಳಿದಾಗ ಮಾವ ಮೇಲಿಂದ ಕೂಗಿದರು. ಡ್ರೇನ್ ಮುಚ್ಚಿದೆ. ಟ್ಯಾಂಕಿನ ತಳದಲ್ಲಿ ಕಂದು ಕೆಸರು ದಪ್ಪಗೆ ಕೂತಿತ್ತು. ಅದು ಪೈಪಿಗಿಳಿದರೆ ಮತ್ತೆ ತುಂಬುವಾಗ ಅಲ್ಲೇ ಕಟ್ಟಿಕೊಳ್ಳುತ್ತದೆ. ಮಗ್ಗಿನಲ್ಲಿ ತೋಡಿ, ಸ್ಪಂಜಿನಲ್ಲಿ ಒರೆಸಿ, ಬಕೆಟ್ಟಿನಲ್ಲಿ ಇಳಿಸಿದೆವು. ಆಮೇಲೆ ಡ್ರೇನ್ ಮತ್ತೆ ತೆರೆದೆ. ಸ್ವಲ್ಪ ಹೊತ್ತಿಗೆ ಹೋಸಿನ ತುದಿಯಲ್ಲಿ ಹರಿವು ಕುಗ್ಗಿತು.

ಇಲ್ಲಿ ಮತ್ತೆ ಅದೇ ಗಾಳಿಯ ಮಾತು. ಹರಿವು ಕುಗ್ಗುವ ಮುಂಚೆಯೇ ಮಹಡಿಯ ಬ್ಲೀಡ್ ತೂತು ತೆರೆದರೆ ನೀರು ಕೋಣೆಯೊಳಕ್ಕೆ ಚಿಮ್ಮುತ್ತದೆ. ಕುಗ್ಗಿದ ಮೇಲೆ ತೆರೆದರೆ ತೂತೇ ಗಾಳಿ ಎಳೆದುಕೊಳ್ಳುತ್ತದೆ. ಯಾವುದು ಅಂತ ತಿಳಿಯಲು ಮಾವನಿಗೆ ಒಂದು ಚೂರು ಟಿಶ್ಯೂ ಕೊಟ್ಟಿದ್ದೆ. ಕೀಯನ್ನು ಕೂದಲೆಳೆಯಷ್ಟು ತಿರುಗಿಸಿ ಟಿಶ್ಯೂ ಹತ್ತಿರ ಹಿಡಿಯುವುದು. ಅದು ತೂತಿಗೆ ಪಟ್ಟನೆ ಅಂಟಿಕೊಂಡಿತು. "ಒಳಗೆಳೀತಾ ಇದೆ!" ಎಂದು ಮೆಟ್ಟಿಲ ತುದಿಯಿಂದ ಕೂಗಿದರು. ಸರಿ, ಪೂರ್ತಿ ತೆರೆಯಿರಿ ಎಂದೆ. ಗುಂಡಿಯ ಹತ್ತಿರ ನಿಂತಿದ್ದ ನನಗೆ ಗೊತ್ತಾಗಿಹೋಯಿತು, ಸತ್ತಂತಿದ್ದ ಹೋಸ್ ಒಮ್ಮೆ ಕೆಮ್ಮಿ ದಪ್ಪಗೆ ಹರಿಯತೊಡಗಿತು. ಮಹಡಿಯ ಎಲ್ಲ ಕೋಣೆ ಮುಗಿಸಿ ಆಮೇಲೆ ಕೆಳಗಿನವಕ್ಕೆ ಬರಬೇಕು. ಮೇಲಿನಿಂದ ಕೆಳಕ್ಕೆ, ಇದೇ ಕ್ರಮ.

ಹೋಸ್ ನಿಂತ ಮೇಲೂ ನಂಬಬಾರದ ಒಂದು ಜಾಗ ಇತ್ತು. ಮನೆಯ ಹಿಂದೆ ಆಮೇಲೆ ಕಟ್ಟಿಸಿದ ಕೋಣೆಯ ನೆಲ ಗಟ್ಟಿ ಕಾಂಕ್ರೀಟ್. ಹಳೇ ಭಾಗದ ಹಾಗೆ ಹಲಗೆ ನೆಲದ ಕೆಳಗೆ ಪೈಪು ಎಳೆಯಲು ಆಗುವುದಿಲ್ಲ. ಅಲ್ಲಿ ಪೈಪುಗಳು ಸೀಲಿಂಗಿನಿಂದ ಗೋಡೆಗುಂಟ ಕೆಳಗಿಳಿದು ರೇಡಿಯೇಟರ್ ಸೇರುತ್ತವೆ. ಅಂದರೆ ಆ ರೇಡಿಯೇಟರಿನ ನೀರು ಮನೆಯ ಡ್ರೇನಿಗೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ಹತ್ತುವುದಿಲ್ಲ. ಮನೆಯೆಲ್ಲ ಬರಿದಾದರೂ ಅದು ಬಾಯಿ ತುಂಬ ನೀರಿಟ್ಟುಕೊಂಡು ಕೂತಿರುತ್ತದೆ. ಪೈಪು ಗೋಡೆಯ ಮೇಲಿನಿಂದ ಬರುತ್ತಿರುವುದು ಕಂಡರೆ ಎಚ್ಚರವಾಗಿಬಿಡಿ. ಅದನ್ನು ನಾವು ಮಹಡಿಯದ್ದರ ಹಾಗೇ, ಕೀ ಒಬ್ಬರು ಟ್ರೇ ಒಬ್ಬರು ಹಿಡಿದು ಇಳಿಸಿದೆವು. ಇಳಿಯುವ ಪೈಪಿನ ನೀರೂ ಸೇರಿ ಬಂದಿದ್ದರಿಂದ ಟ್ರೇ ಜಾಸ್ತಿ ಸಲ ತುಂಬಿತು.

ವಾಲ್ವ್ ಬದಲಿಸಿದ್ದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರಿಲ್ಲದ ಪೈಪಿನಲ್ಲಿ ಅದು ನಿಧಾನದ ಕೆಲಸ ಅಷ್ಟೆ. ಆದರೆ ಒಂದು ಮಾತು. ನಾವು ಮುಟ್ಟಿದ್ದು ನೀರಿನ ಪೈಪುಗಳನ್ನು ಮಾತ್ರ. ಬಾಯ್ಲರಿನ ಮುಚ್ಚಳ ತೆಗೆಯುವುದು, ಗ್ಯಾಸ್ ಪೈಪು ಮುಟ್ಟುವುದು ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಹೆಸರಿರುವವರ ಕೆಲಸ. ಬ್ರಿಟನ್ನಿನಲ್ಲಿ 2009ರ ಏಪ್ರಿಲ್‌ನಿಂದ ಕಾರ್ಗಿ ಎಂಬ ಹಳೇ ಪಟ್ಟಿಯ ಬದಲು ಈ ಪಟ್ಟಿ ಬಂದಿದೆ. ಬಾಡಿಗೆ ಮನೆಯಾದರೆ ರೇಡಿಯೇಟರ್ ಮುಟ್ಟುವುದಕ್ಕೂ ಮಾಲೀಕರನ್ನು ಕೇಳಬೇಕು.

ತುಂಬುವಾಗ ಕ್ರಮ ಉಲ್ಟಾ. ಡ್ರೇನ್ ಮುಚ್ಚಿ, ಮನೆಯ ಪ್ರತಿಯೊಂದು ಬ್ಲೀಡ್ ತೂತೂ ಮುಚ್ಚಿದೆಯೇ ಅಂತ ಮಾವ ಕೀ ಹಿಡಿದು ಒಂದು ಸುತ್ತು ಬಂದರು. ಒಂದೇ ಒಂದು ಮರೆತರೂ ಕಾರ್ಪೆಟ್ ಹೋಯಿತು. ಇನ್ಹಿಬಿಟರ್ ಬಾಟಲಿಯನ್ನು ಅಟ್ಟದ ಟ್ಯಾಂಕಿಗೆ ಸುರಿದು, ಹುರಿ ಬಿಚ್ಚಿದೆವು. ಹೊಸ ನೀರು ಅಂದರೆ ಹೊಸ ಗಾಳಿಯೂ ಬಂತು. ರೆಡಿಂಗ್‌ನಲ್ಲಿ ಅದರ ಜೊತೆ ಸುಣ್ಣವೂ ಬರುತ್ತದೆ. ಇನ್ಹಿಬಿಟರ್ ಹಾಕದೆ ತುಂಬಿದರೆ ಹೊಸ ತುಕ್ಕಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಇದೇ ಕಾರಣಕ್ಕೆ ಒಂದು ರೇಡಿಯೇಟರಿನ ಕೆಲಸಕ್ಕೆ ಇಡೀ ಮನೆಯ ನೀರು ಇಳಿಸುವುದು ನನಗೆ ಒಪ್ಪಿಗೆಯಿಲ್ಲ. ಈಗ ಗಾಳಿ ಬಿಡುವುದು ಕೆಳಗಿನಿಂದ ಮೇಲಕ್ಕೆ. ತೂತಿನಲ್ಲಿ ಸುಯ್ ಎನ್ನುವುದು ನಿಂತು ಹನಿ ಕಂಡ ಕೂಡಲೇ ಮುಚ್ಚಿ ಮುಂದಿನದಕ್ಕೆ.

ಪ್ರತಿ ನಟ್ಟಿನ ಸುತ್ತ ಒಣ ಬಿಳಿ ಟಿಶ್ಯೂ ಒತ್ತಿ ನೋಡಿದೆ. ಕಣ್ಣಿಗೆ ಕಾಣದ ಒದ್ದೆಯೂ ಅದರಲ್ಲಿ ಕಾಣುತ್ತದೆ. ಒಂದು ನಟ್ ಮಾತ್ರ ಚೂರು ಒದ್ದೆ ಇತ್ತು, ಕಾಲು ಸುತ್ತು ಬಿಗಿ ಮಾಡಿದ ಮೇಲೆ ನಿಂತಿತು. ಬಾಯ್ಲರ್ ಹಚ್ಚಿ, ಬಿಸಿಯಾದಾಗ ಒಮ್ಮೆ, ಮರುದಿನ ತಣ್ಣಗಿದ್ದಾಗ ಒಮ್ಮೆ ಮತ್ತೆ ಅದೇ ಪರೀಕ್ಷೆ. ಬಿಸಿಗೆ ಹಿಗ್ಗಿ ನಿಂತ ಸೋರಿಕೆ ತಣ್ಣಗಾದಾಗ ಹೊರಬೀಳಬಹುದು.

ಆ ಕಾಂಕ್ರೀಟ್ ನೆಲದ ಕೋಣೆಯ ರೇಡಿಯೇಟರಿಗೆ ಹೊಸ ಲಾಕ್‌ಶೀಲ್ಡ್ ಹಾಕುವಾಗ ಅದರಲ್ಲೇ ಡ್ರೇನ್ ಮೂತಿ ಇರುವ ಥರದ್ದನ್ನು ತಂದಿದ್ದೆ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಇನ್ನು ಅಲ್ಲಿಗೂ ನೇರ ಹೋಸ್ ಸಿಕ್ಕಿಸಬಹುದು. ಕಾಂಕ್ರೀಟ್ ನೆಲದ ಕೋಣೆ ಇರುವವರು ಯಾವ ಕಾರಣಕ್ಕಾದರೂ ವಾಲ್ವ್ ಬದಲಿಸುವುದಿದ್ದರೆ ಅದನ್ನೇ ಕೇಳಿ ತನ್ನಿ.